ಮಗಳು ಗೋಲ್ಡ್ ಅವಾರ್ಡ್‌ಗೆ ಹೊರಟಿದ್ದಾಳಾ?

ಅಮೆರಿಕದ ಗರ್ಲ್ ಸ್ಕೌಟ್ಸ್‌ನಲ್ಲಿ ಸಮಾಜ ಸೇವೆಗೆ ಮೂರು ದೊಡ್ಡ ಪ್ರಶಸ್ತಿಗಳಿವೆ. ನಾಲ್ಕು, ಐದನೇ ಕ್ಲಾಸಿನವರಿಗೆ ಬ್ರಾಂಜ್, ಆರರಿಂದ ಎಂಟರವರಿಗೆ ಸಿಲ್ವರ್, ಹೈಸ್ಕೂಲಿನವರಿಗೆ ಗೋಲ್ಡ್. ನಾನು ನ್ಯೂಜೆರ್ಸಿಯಲ್ಲಿ ಟ್ರೂಪ್, ಅಂದರೆ ಸ್ಕೌಟ್ ಹುಡುಗಿಯರ ಒಂದು ತಂಡ, ನಡೆಸುತ್ತೇನೆ. ಕನ್ನಡ ಕೂಟದಲ್ಲಿ ಸಿಕ್ಕ ಅಮ್ಮಂದಿರೆಲ್ಲ ಕೇಳುವುದು ಗೋಲ್ಡ್ ಬಗ್ಗೆಯೇ. ಅದನ್ನು ಹುಡುಗಿ ತಾನೇ ಮುಂದೆ ನಿಂತು ಮಾಡಬೇಕು. ಸುಮಾರು 80 ಗಂಟೆಯ ಕೆಲಸ.

ವಿಷಯ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಜಾಸ್ತಿ ಮಕ್ಕಳು ಹಳೇ ಬಟ್ಟೆ ಕೂಡಿಸುತ್ತೇನೆ ಅಂತ ಬರುತ್ತಾರೆ. ಒಳ್ಳೆಯದೇ, ಆದರೆ ಗೋಲ್ಡ್‌ಗೆ ಅದು ಸಾಲದು. ತೊಂದರೆಯ ಬೇರು ಎಲ್ಲಿದೆ ಅಂತ ಹುಡುಕಬೇಕು.

ನಮ್ಮ ಟ್ರೂಪಿನ ಒಬ್ಬಳ ಅಜ್ಜಿ ಊರಿಂದ ಬಂದಿದ್ದರು. ಹಗಲೆಲ್ಲ ಮನೆಯಲ್ಲಿ ಒಬ್ಬರೇ. ಎದೆನೋವು ಬಂದರೆ ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ ಏನು ಹೇಳಬೇಕು? ಅವರಿಗೆ ಗೊತ್ತಿರಲಿಲ್ಲ. ಇವಳು ಅಕ್ಕಪಕ್ಕ ವಿಚಾರಿಸಿದಳು. ಗುಜರಾತಿ, ಚೀನೀ ಮನೆಗಳ ಹಿರಿಯರದ್ದೂ ಇದೇ ಪಾಡು. ಲೈಬ್ರರಿಯಲ್ಲಿ ಹಿರಿಯರಿಗೆ ಕ್ಲಾಸ್ ಶುರು ಮಾಡಿದಳು. ಫ್ರಿಜ್ ಮೇಲೆ ಅಂಟಿಸಲು ಒಂದು ಕಾರ್ಡ್ ಮಾಡಿದಳು. ಅದರಲ್ಲಿ ಮನೆ ವಿಳಾಸ, ನುಂಗುವ ಮಾತ್ರೆಗಳು, ಮಗ ಸೊಸೆಯ ನಂಬರ್. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ‘ಕನ್ನಡ ಪ್ಲೀಸ್’. ಭಾಷೆಯ ಹೆಸರು ಹೇಳಿದರೆ ಆ ಕಡೆಯವರು ದುಭಾಷಿಯನ್ನು ಲೈನಿಗೆ ಕರೆಯಲು ನೋಡುತ್ತಾರೆ. ಎಷ್ಟು ಚೆಂದದ ಕೆಲಸ ಅಲ್ವಾ?

ಒಂದು ಎಚ್ಚರ. ಏನು ಮಾಡುತ್ತೇನೆ ಅಂತ ಬರೆದು ಕೊಡುವ ಪ್ರಸ್ತಾವನೆಗೆ ಕೌನ್ಸಿಲ್ (ಗರ್ಲ್ ಸ್ಕೌಟ್ಸ್‌ನ ಪ್ರಾದೇಶಿಕ ಘಟಕ) ಒಪ್ಪಿಗೆ ಸಿಗುವ ಮೊದಲು ಕೆಲಸ ಶುರು ಮಾಡಬಾರದು. ಸಲಹೆಗಾರರಾಗಿ ವಿಷಯ ಗೊತ್ತಿರುವ ಹೊರಗಿನವರು ಬೇಕು, ಅಪ್ಪ ಅಮ್ಮ ಆಗುವುದಿಲ್ಲ. ಬೇರೆ ಸಂಸ್ಥೆಗಾಗಿ ಹಣ ಎತ್ತುವಂತಿಲ್ಲ.

ಮತ್ತೆ ದಯವಿಟ್ಟು, ಲೈಬ್ರರಿಗೆ ಇಮೇಲ್ ಅವಳೇ ಬರೆಯಲಿ. ಉತ್ತರ ಬರದಿದ್ದರೆ ಅವಳೇ ಹೋಗಿ ಕೇಳಲಿ. ಹದಿನಾರರ ಹುಡುಗಿ ಅಪರಿಚಿತರ ಎದುರು ಕೂತು ‘ನನಗೆ ಈ ರೂಮ್ ಬೇಕು, ಇದಕ್ಕಾಗಿ’ ಅಂತ ಹೇಳುವುದನ್ನು ಕಲಿಯುತ್ತಾಳಲ್ಲ, ಆ ಅವಕಾಶ ಕಿತ್ತುಕೊಳ್ಳಬೇಡಿ. ನೀವು ಕಾರು ಓಡಿಸಿ, ಸಾಕು.

ಅವಳು ಕಾಲೇಜಿಗೆ ಹೋದ ಮೇಲೂ ಕೆಲಸ ನಡೆಯಬೇಕು. ಮುಂದೆ ಯಾರು ನಡೆಸುತ್ತಾರೆ ಅಂತ ಮೊದಲ ತಿಂಗಳೇ ಮಾತಾಡಿಸಿ, ಪತ್ರ ಬರೆಸಿಟ್ಟುಕೊಳ್ಳಲಿ. ಗಂಟೆಗಳ ಲೆಕ್ಕ ಅವತ್ತವತ್ತೇ ಬರೆಯಲಿ. ಹನ್ನೆರಡನೇ ಕ್ಲಾಸಿನಲ್ಲಿ ಕಾಲೇಜ್ ಅರ್ಜಿಗಳ ಗದ್ದಲ. ಹತ್ತನೇ ಕ್ಲಾಸಿನ ಬೇಸಿಗೆಯಲ್ಲೇ ಹೊರಟರೆ ಒಳ್ಳೆಯದು.