ಇಂಕಾ ಅರಸನ ಕೆಂಪು ಕುಚ್ಚು: ಹಳೆಯ ಯುರೋಪಿನ ಚಿತ್ರವನ್ನು ಎಣ್ಣೆಬಣ್ಣದಲ್ಲಿ ನಕಲಿಸುವ ಬಗೆ

ದಕ್ಷಿಣ ಅಮೆರಿಕದ ಇಂಕಾ ಅರಸರ ಚಿತ್ರ ಬರೆದ ಯುರೋಪಿನ ಕಲಾವಿದರಲ್ಲಿ ಹೆಚ್ಚಿನವರು ಪೆರು ದೇಶವನ್ನು ಕಂಡವರೇ ಅಲ್ಲ. 1532ರ ನವೆಂಬರ್ 16ರಂದು ಸ್ಪೇನಿನ ದಂಡನಾಯಕ ಪಿಸಾರೊ ಇಂಕಾ ಅರಸ ಅತಾವಲ್ಪನನ್ನು ಸೆರೆ ಹಿಡಿದ ಸುದ್ದಿಯನ್ನು ಅವರು ಓದಿ, ಕೇಳಿ ಬರೆದರು. ತಾಮ್ರದ ಹಾಳೆಯಲ್ಲಿ ಅದೇ ಪ್ರಸಂಗ ಕೊರೆದ ಥಿಯೊಡೊರ್ ದೆ ಬ್ರಿ ಅಮೆರಿಕಕ್ಕೆ ಕಾಲಿಟ್ಟವನಲ್ಲ. ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ, ಇದೇ ಪ್ರಸಂಗದ 1846ರ ತೈಲಚಿತ್ರವನ್ನು ಪ್ರದರ್ಶಿಸಿದಾಗ ಅದನ್ನು ಬರೆದ ಇಂಗ್ಲಿಷ್ ಕಲಾವಿದ ಜಾನ್ ಎವರೆಟ್ ಮಿಲೇಗೆ 16 ವರ್ಷ. ಹೀಗಾಗಿ ಇಂಥ ಚಿತ್ರಗಳಲ್ಲಿ ಬೇಡದ ಕಡೆ ಗರಿ, ಯುರೋಪಿನ ಮೂಗು ಕಾಣುತ್ತವೆ. ಅವನ್ನು ತಿದ್ದಬೇಡಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಆದರೆ ಯಾವುದು ಏನೆಂದು ತಿಳಿದು ಬರೆಯಿರಿ. ತಿಳಿಯದ ಕೈಯಲ್ಲಿ ಅರಸನ ಕುಚ್ಚು ಮುಂಗೂದಲಾಗಿಬಿಡುತ್ತದೆ.

ಆ ಕುಚ್ಚೇ ಅರಸುತನದ ಗುರುತು, ಹೆಸರು ಮಸ್ಕಾಯ್‌ಪಾಚ. ತಲೆಗೆ ಸುತ್ತಿದ ಬಣ್ಣದ ಪಟ್ಟಿಯಿಂದ, ನಮ್ಮ ಮದುಮಗನ ಬಾಸಿಂಗದ ಹಾಗೆ, ಹಣೆಯ ಮೇಲೆ ಇಳಿದಿರುತ್ತದೆ. ಕೆಂಪು ಉಣ್ಣೆಯ ಎಳೆಗಳು ಸಣ್ಣ ಚಿನ್ನದ ಕೊಳವೆಗಳೊಳಗೆ ತೂರಿ ಕೆಳಗೆ ಬಿಚ್ಚಿಕೊಂಡಿರುತ್ತವೆ. ಕಿವಿಯಲ್ಲಿ ದೊಡ್ಡ ಚಿನ್ನದ ಬಿಲ್ಲೆ. ಅದರ ದೆಸೆಯಿಂದಲೇ ಸ್ಪೇನಿನವರು ಇಂಕಾ ಕುಲೀನರನ್ನು ‘ದೊಡ್ಡ ಕಿವಿಯವರು’ ಎಂದು ಕರೆದರು.

ಮೊದಲ ಸಲಕ್ಕೆ ಜನಜಂಗುಳಿಯ ಚಿತ್ರ ಬೇಡ, ಎದೆಮಟ್ಟದ ಒಬ್ಬನೇ ಅರಸ ಸಾಕು. 18×24 ಇಂಚಿನ ಚೌಕಟ್ಟಿಗೆ 22×28 ಇಂಚು ಬಟ್ಟೆ ಬೇಕು, ಸುತ್ತ ಎರಡೆರಡು ಇಂಚು ಮಡಿಕೆಗೆ. ದಾವಣಗೆರೆಯಲ್ಲಿ ದಪ್ಪ ಕೋರಾ ಬಟ್ಟೆ ಕೊಳ್ಳುವುದಾದರೆ ಬಿಸಿನೀರಲ್ಲಿ ಒಗೆದು ಗಂಜಿ ತೆಗೆಯಿರಿ. ಒಗೆದರೆ ಕುಗ್ಗುತ್ತದೆ, ಆದ್ದರಿಂದ ಕತ್ತರಿಸುವುದು ಆಮೇಲೆ. ಗಂಜಿ ಉಳಿದರೆ ಜೆಸ್ಸೊ, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಅಸ್ತರು, ನೂಲಿಗೆ ಹಿಡಿಯುವುದಿಲ್ಲ. ಜೆಸ್ಸೊ ಮೂರು ಕೈ: ಒಂದು ಅಡ್ಡ, ಒಂದು ಉದ್ದ, ಮತ್ತೆ ಅಡ್ಡ. ಪ್ರತಿ ಕೈ ಒಣಗಿದ ಮೇಲೆ 220 ನಂಬರಿನ ಉಜ್ಜುಕಾಗದ ಆಡಿಸಿ. ಜೆಸ್ಸೊ ಇಲ್ಲದ ಬಟ್ಟೆಗೆ ಎಣ್ಣೆ ಇಳಿದರೆ ಕಾಲ ಕಳೆದಂತೆ ನೂಲು ಪುಡಿಯಾಗುತ್ತದೆ.

ಮೂಲ 3:4ರ ಅಳತೆಯದಾದರೆ 9×12 ಇಂಚಿನ ಪ್ರಿಂಟ್ ಮಾಡಿಸಿ, ಮಿರುಗದ ಕಾಗದದ ಮೇಲೆ. ಪ್ರಿಂಟಿನಲ್ಲಿ ಮುಕ್ಕಾಲು ಇಂಚಿನ ಚೌಕ, ಕ್ಯಾನ್ವಾಸಿನಲ್ಲಿ ಒಂದೂವರೆ ಇಂಚಿನ ಚೌಕ: ಎರಡರಲ್ಲೂ 192. ಪ್ರಿಂಟನ್ನು ಗೆರೆಗೆ ಮಾತ್ರ ನಂಬಿ, ಕೆಂಪು ಬಣ್ಣಕ್ಕೆ ನಂಬಬೇಡಿ. ಅದಕ್ಕೆ ಮ್ಯೂಸಿಯಂ ಜಾಲತಾಣದ ಚಿತ್ರವನ್ನೇ ತೆರೆದಿಟ್ಟುಕೊಳ್ಳಿ.

ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ಚಹಾದಷ್ಟು ತೆಳುವಾಗಿಸಿ ಇಡೀ ಬಟ್ಟೆಗೆ ಬಳಿದು, ಬೆಳಕಿರುವ ಕಡೆ ಚಿಂದಿಯಿಂದ ಒರೆಸಿ ತೆಗೆಯಿರಿ. ಒಣಗಿದ ಮೇಲೆ ಅಂಬರ್ ಮತ್ತು ಬಿಳಿ ಎರಡರಲ್ಲೇ ಮುಖ, ಉಡುಪು, ಒಡವೆ ಎಲ್ಲವನ್ನೂ ಮುಗಿಸಿ. ಮುಂದಿನ ಪದರಕ್ಕೆ ಮೂರು ಪಾಲು ಟರ್ಪೆಂಟೈನಿಗೆ ಒಂದು ಪಾಲು ಅಗಸೆ ಎಣ್ಣೆ, ಕೊನೆಯದಕ್ಕೆ ಸಮಪಾಲು. ಕೆಳಗೆ ಎಣ್ಣೆ ಹೆಚ್ಚಾಗಿ ಮೇಲೆ ಕಡಿಮೆಯಾದರೆ ಮೇಲಿನದು ಮೊದಲು ಒಣಗಿ, ಕೆಳಗಿನದು ಜರುಗಿದಾಗ ಬಿರಿಯುತ್ತದೆ. ಅಂಬರ್ ಬೇಗ ಒಣಗುವ ಬಣ್ಣ, ಐವರಿ ಬ್ಲ್ಯಾಕ್ ನಿಧಾನ. ಹಸಿಗಪ್ಪಿನ ಮೇಲೆ ಅಂಬರ್ ಎಳೆದ ಹಿನ್ನೆಲೆಗಳು ಬಿರುಕು ಬಿಡುವುದು ಇದೇ ಕಾರಣಕ್ಕೆ.

ಕುಚ್ಚಿಗೆ ಅವಸರ ಬೇಡ. ಕೆಂಪಿಗೆ ಕಪ್ಪು ಬೆರೆಸಿ ನೆರಳು ಮಾಡಿದರೆ ಒಣಗಿದ ರಕ್ತದ ಹಾಗೆ ಮಂಕಾಗುತ್ತದೆ. ಮೊದಲು ಕುಚ್ಚಿನ ಜಾಗವನ್ನು ಕ್ಯಾಡ್ಮಿಯಂ ರೆಡ್‌ನಿಂದ ಒಂದೇ ಸಮ ತುಂಬಿ, ಪೂರಾ ಒಣಗಲು ಬಿಡಿ. ಆಮೇಲೆ ಪರ್ಮನೆಂಟ್ ಅಲಿಜರಿನ್ ಕ್ರಿಮ್ಸನ್ ಎಂಬ ಪಾರದರ್ಶಕ ಗಾಢ ಕೆಂಪನ್ನು ಸಮಪಾಲಿನ ಮಿಶ್ರಣದಲ್ಲಿ ಗಾಜಿನಷ್ಟು ತೆಳುವಾಗಿಸಿ ಮೇಲಿಂದ ಎಳೆಯಿರಿ. ಹಳೆಯ ನಮೂನೆಯ ಅಲಿಜರಿನ್ ಹೀಗೆ ತೆಳುವಾದಾಗ ಬೆಳಕಿಗೆ ಮಾಸುತ್ತದೆ, ಟ್ಯೂಬಿನ ಮೇಲೆ ‘ಪರ್ಮನೆಂಟ್’ ಇದೆಯೇ ನೋಡಿಯೇ ಕೊಳ್ಳಿ. ಬಣ್ಣ ಹಸಿಯಿರುವಾಗಲೇ ಒಣ ಬ್ರಷ್ಷಿನ ತುದಿಯಿಂದ ಮೇಲಿಂದ ಕೆಳಗೆ ಎಳೆ ಎಳೆಯಾಗಿ ಗೀರಿದರೆ ಅಡಿಯ ಕೆಂಪು ಇಣುಕಿ, ಉಣ್ಣೆಯ ಎಳೆಗಳು ತಾವಾಗಿ ಎದ್ದು ಬರುತ್ತವೆ. ಕುಚ್ಚಿನ ತುದಿಗಳನ್ನು ಕತ್ತರಿ ಹಾಕಿದಂತೆ ಒಂದೇ ಸಾಲಿಗೆ ತರಬೇಡಿ.

ಚಿನ್ನಕ್ಕೆ ಮಿರುಗುವ ಬಣ್ಣ ಹಚ್ಚಲೇಬಾರದು, ಓರೆಯಿಂದ ನೋಡಿದಾಗ ಅದು ಬೂದಿಯಾಗಿ ಕಾಣುತ್ತದೆ. ನೆರಳಿಗೆ ಅಂಬರ್, ನಡುವೆ ಯೆಲ್ಲೊ ಓಕರ್, ಕೊನೆಗೆ ಬಿಳಿಗೆ ಚೂರು ನಿಂಬೆಹಳದಿ ಸೇರಿಸಿ ಕಿವಿಯ ಬಿಲ್ಲೆಗೆ ಒಂದೇ ಒಂದು ಚುಕ್ಕೆ. ಎರಡು ಚುಕ್ಕೆ ಇಟ್ಟರೆ ತಗಡಾಗುತ್ತದೆ.

ಚಿತ್ರದುರ್ಗದಲ್ಲಿ ಆಷಾಢದ ಗಾಳಿ ಹಸಿ ಬಣ್ಣಕ್ಕೆ ಶತ್ರು. ಕಿಟಕಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ, ಚಿತ್ರದ ಮುಖ ಗೋಡೆಯ ಕಡೆಗಿರುವಂತೆ ಓರೆಯಾಗಿ ಒರಗಿಸಿಡಿ. ಕೂತ ಮಣ್ಣಿನ ಕಣವನ್ನು ಹಸಿಯಲ್ಲಿ ಕೆದಕಬೇಡಿ, ಒಣಗಿದ ಮೇಲೆ ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸಿ. ಇನ್ನೊಂದು ಮಾತು: ಅಗಸೆ ಎಣ್ಣೆ ಒರೆಸಿದ ಚಿಂದಿಯನ್ನು ಉಂಡೆ ಕಟ್ಟಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟಿ, ಬೇಸಿಗೆಯಲ್ಲಂತೂ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ ಮುಚ್ಚಳದ ಡಬ್ಬಿಗೆ ಹಾಕಿ.

ಮೂಲ ಕಲಾವಿದನ ಹೆಸರು, ವರ್ಷ, ಚಿತ್ರ ಇರುವ ಜಾಗ, ‘ನಕಲು’ ಎಂಬ ಪದ, ನಿಮ್ಮ ಹೆಸರು, ಇಷ್ಟನ್ನೂ ಹಿಂಬದಿಯ ಮರದ ಚೌಕಟ್ಟಿನ ಮೇಲೆ ಬರೆಯಿರಿ. ವಾರ್ನಿಷ್‌ಗೆ ಕನಿಷ್ಠ ಆರು ತಿಂಗಳು ಕಾಯಬೇಕು. ಹತ್ತಿಯ ತುದಿಗೆ ಟರ್ಪೆಂಟೈನ್ ಅದ್ದಿ ಕುಚ್ಚಿನ ಅಂಚಿಗೆ ಒತ್ತಿ ನೋಡಿ. ಹತ್ತಿ ಕೆಂಪಾದರೆ ಇನ್ನೊಂದು ತಿಂಗಳು ಬಿಡಿ. ಬೆಳ್ಳಗೇ ಉಳಿದರೆ, ಮಳೆಯಿಲ್ಲದ ಒಣ ದಿನ ನೋಡಿ ಮರದ ರಾಳದಿಂದ ಮಾಡಿದ ಡಾಮರ್ ವಾರ್ನಿಷ್ ಒಂದೇ ಕೈ ಎಳೆಯಿರಿ.