ಗುರುತಿಲ್ಲದವರಿಗೆ ಸಣ್ಣ ಉಪಕಾರ: ಇದನ್ನು ರೂಢಿ ಮಾಡಿಕೊಳ್ಳುವುದು ಹೇಗೆ

ಮಳೆಗಾಲದಲ್ಲಿ ಸುಂಟಿಕೊಪ್ಪ ದಾಟಿ ಮಡಿಕೇರಿ ಕಡೆಗೆ ರಸ್ತೆ ಬದಿಯಲ್ಲಿ ಒಂದರ್ಧ ಕಿಲೋಮೀಟರ್ ನಡೆದು ನೋಡಿ. ಹೊಂಡದಲ್ಲಿ ಕೆಂಪು ನೀರು ನಿಂತಿರುತ್ತದೆ. ಬರುವ ಕಾರು, ಜೀಪು, ಪಿಕಪ್ಪು ಎಲ್ಲವೂ ಅದನ್ನು ನಿಮ್ಮ ಸೊಂಟದವರೆಗೆ ಎರಚಿಯೇ ಹೋಗುತ್ತವೆ. ನಡುವೆ ಯಾವುದೋ ಒಂದು ಗಾಡಿ ಮಾತ್ರ ದೂರದಿಂದಲೇ ನಿಧಾನ ಮಾಡಿ, ಕೊಂಚ ಬಲಕ್ಕೆ ಸರಿದು, ನೀರು ಹಾರದ ಹಾಗೆ ದಾಟುತ್ತದೆ. ಗಾಜಿಗೆ ಆವಿ ಕಟ್ಟಿರುತ್ತದೆ, ಒಳಗಿದ್ದವರ ಮುಖವೂ ಕಾಣುವುದಿಲ್ಲ. ಅವರಿಗೆ ತಡವಾಗಿದ್ದು ಹೆಚ್ಚೆಂದರೆ ನಾಲ್ಕು ಸೆಕೆಂಡು. ನಾನು ಮಾತ್ರ ಆವತ್ತು ಸಂಜೆವರೆಗೂ ಒಣಬಟ್ಟೆಯಲ್ಲಿ ಕೂತು ಕೆಲಸ ಮಾಡಿದೆ.

ಇಂಥ ಕೆಲಸವನ್ನು ಮನಸ್ಸು ಬಂದಾಗ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ದಿನಾ ಮಾಡುವವರು ಕಡಿಮೆ. ನಾನೂ ಮನಸ್ಸು ಬಂದಾಗ ಮಾಡುವ ಗುಂಪಿನಲ್ಲೇ ಇದ್ದೆ. ದಿನಾ ಮಾಡುವ ಕಡೆಗೆ ಹೇಗೆ ದಾಟಿದೆ, ಎಲ್ಲಿ ಎಡವಿದೆ ಅಂತ ಹೇಳುತ್ತೇನೆ, ನಿಮಗೆ ಹೊಂದುವಷ್ಟು ತಗೊಳ್ಳಿ.

ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ನಾವು ಕೊಡಗಿನವರು ಅತಿಥಿ ಸತ್ಕಾರದಲ್ಲಿ ಕಡಿಮೆ ಏನಿಲ್ಲ. ಆದರೆ ಹೊಸಬರು ಕಂಡರೆ ಮೊದಲ ಪ್ರಶ್ನೆ "ಯಾವ ಊರು, ಯಾರ ಮನೆ?" ಅಂತ. ಅವರ ದೊಡ್ಡಮ್ಮನ ಮನೆ ನಾಪೋಕ್ಲಿನಲ್ಲಿ ಅಂತಲೋ, ಅವರ ಭಾವ ನಮ್ಮ ಚಿಕ್ಕಪ್ಪನ ಜೊತೆ ಓದಿದವರು ಅಂತಲೋ ಒಂದು ಎಳೆ ಸಿಕ್ಕಿತೋ, ಮುಗಿಯಿತು, ಕಾಫಿ ಕುಡಿಸದೆ ಬಿಡುವುದಿಲ್ಲ. ಎಳೆ ಸಿಗದಿದ್ದರೆ? ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಬಂದ ಹುಡುಗ, ತೋಟದ ಕೂಲಿಯವರಿರುವ ಲೈನ್ ಮನೆಯ ಹೆಂಗಸು, ರಾಜಾಸೀಟಿನ ಹತ್ತಿರ ದಾರಿ ತಪ್ಪಿದ ಟೂರಿಸ್ಟು. ಇವರೆಲ್ಲ ನಮ್ಮ ಕಣ್ಣಿಗೆ ಗುಂಪಾಗಿಯೇ ಕಾಣುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಇದೇ ನಾವು ಯಾರು ಏನು ಅಂತ ಕೇಳದೆ ಬಾಗಿಲು ತೆಗೆದಿದ್ದೆವು, ಅದು ನಿಜ. ಆದರೆ ಅಂಥ ಹೊತ್ತಿನಲ್ಲಿ ಮನಸ್ಸು ತಾನಾಗಿ ದೊಡ್ಡದಾಗುತ್ತದೆ. ಸುಮ್ನೆ ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಆಗುವುದಿಲ್ಲ. ಆ ಹೊತ್ತಿಗೆ ಬೇಕಾಗಿರುವುದು ರೂಢಿ.

ನನ್ನ ರೂಢಿ ಶುರುವಾಗಿದ್ದು ಒಂದು ತಪ್ಪಿನಿಂದ. ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಹುಡುಗರು, ತಲೆ ಮೇಲೆ ಗೋಣಿಚೀಲದಂಥ ಬ್ಯಾಗು, ನನ್ನ ಹತ್ತಿರ ಬಂದು "ಸಿದ್ದಾಪುರ?" ಅಂದರು. ನನಗೆ ಲೇಟಾಗಿತ್ತು, ಕಿವಿಯಲ್ಲಿ ಫೋನಿತ್ತು. ಬಸ್ಸುಗಳು ನಿಂತ ಕಡೆಗೆ ಸುಮ್ನೆ ಕೈ ತೋರಿಸಿ ನಡೆದೆ. ಸಂಜೆ ವಾಪಸ್ ಬಂದರೆ ಅದೇ ಇಬ್ಬರು, ಅದೇ ಬ್ಯಾಗು, ಎರಡೂ ಒದ್ದೆ. ಸೋಮವಾರಪೇಟೆ ಬಸ್ಸು ಹತ್ತಿ, ಅಲ್ಲಿವರೆಗೂ ಹೋಗಿ, ತಿರುಗಿ ಬಂದಿದ್ದರು. ನಮ್ಮ ಹಳ್ಳಿ ಕಡೆ ಹೋಗುವ ಬಸ್ಸಿನ ಬೋರ್ಡು ಹೆಚ್ಚಾಗಿ ಕನ್ನಡದಲ್ಲಿ ಮಾತ್ರ ಇರುತ್ತದೆ. ಓದಲು ಬಾರದವರಿಗೆ ಸಿದ್ದಾಪುರವೂ ಒಂದೇ, ಸೋಮವಾರಪೇಟೆಯೂ ಒಂದೇ. ಒಂದಿಡೀ ದಿನದ ಕೂಲಿ ಹೋಯಿತು, ಎರಡು ಸಲದ ಟಿಕೆಟ್ ದುಡ್ಡು ಹೋಯಿತು. ನಾನು ಇಪ್ಪತ್ತು ಹೆಜ್ಜೆ ನಡೆದು ಬಸ್ಸು ತೋರಿಸಿದ್ದರೆ ಮುಗಿಯುತ್ತಿತ್ತು. ಆ ಸಂಜೆ ಸರಿಯಾದ ಬಸ್ಸು ಹತ್ತಿಸಿ ಕಂಡಕ್ಟರಿಗೂ ಹೇಳಿದೆ. ಅವರು ಬೈಯಲಿಲ್ಲ, ನಕ್ಕರು. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಒಂದು ನಿಯಮ ಮಾಡಿಕೊಂಡೆ: ಬಸ್ ಸ್ಟ್ಯಾಂಡಿಗೆ ಕಾಲಿಟ್ಟ ತಕ್ಷಣ, ಬೋರ್ಡು ನೋಡಿ ಕಕ್ಕಾಬಿಕ್ಕಿಯಾಗಿ ನಿಂತವರು ಯಾರಾದರೂ ಇದ್ದಾರಾ ಅಂತ ಒಂದು ಸಲ ಕಣ್ಣಾಡಿಸುವುದು. ಅಷ್ಟೇ. "ಇನ್ನು ಮೇಲೆ ಎಲ್ಲರಿಗೂ ಒಳ್ಳೆಯವಳಾಗಿರುತ್ತೇನೆ" ಅಂತ ತೀರ್ಮಾನ ಮಾಡಿದರೆ ಮೂರು ದಿನ ನಡೆಯುತ್ತದೆ. ನೀವು ಹೇಗೂ ದಿನಾ ಮಾಡುವ ಒಂದು ಕೆಲಸಕ್ಕೆ ಒಂದೇ ಒಂದು ಉಪಕಾರವನ್ನು ಗಂಟು ಹಾಕಿ. ಅಂಗಡಿಯವರಾದರೆ ಷಟರ್ ಎತ್ತಿದ ಕೂಡಲೇ ಹೊರಗೆ ಒಂದು ಬಿಂದಿಗೆ ನೀರು. ಸ್ಕೂಟರಿನವರಾದರೆ ಹೊಂಡ ಕಂಡಾಗ ಬ್ರೇಕು. ಹೋಟೆಲ್‌ನಲ್ಲಿ ತಿನ್ನುವವರಾದರೆ ಟೇಬಲ್ ಒರೆಸುವ ಹುಡುಗ ಬಂದಾಗ ತಟ್ಟೆಯನ್ನು ಅವನ ಕಡೆ ಸರಿಸಿ ಒಂದು ಮಾತು. "ಹೀಗಾದಾಗ ಹೀಗೆ ಮಾಡುತ್ತೇನೆ" ಅಂತ ಮೊದಲೇ ಹೇಳಿಕೊಂಡಿದ್ದರೆ ಆ ಹೊತ್ತಿಗೆ ಯೋಚನೆ ಮಾಡುವ ಕಷ್ಟ ಇರುವುದಿಲ್ಲ.

ಎಷ್ಟು ದಿನಕ್ಕೆ ರೂಢಿಯಾಗುತ್ತದೆ? 21 ದಿನ ಅಂತ ಎಲ್ಲರೂ ಹೇಳುತ್ತಾರಲ್ವಾ, ಅದನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು 12 ವಾರ ಗಮನಿಸಿದ್ದರು. ತಿಂಡಿ ಜೊತೆ ಒಂದು ಲೋಟ ನೀರು ಕುಡಿಯುವಂಥ ಸಣ್ಣ ಸಣ್ಣ ಅಭ್ಯಾಸ. ಅದು ತಾನಾಗಿ ಆಗುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕು, ಇನ್ನು ಕೆಲವರಿಗೆ 254 ದಿನ ಬೇಕು ಅನ್ನುವ ಲೆಕ್ಕ ಬಂತು. ಸಮಾಧಾನದ ವಿಷಯ ಅಂದರೆ, ಮಧ್ಯೆ ಒಂದು ದಿನ ತಪ್ಪಿದರೆ ಏನೂ ಹಾಳಾಗುವುದಿಲ್ಲ ಅಂತಲೂ ಅವರಿಗೆ ಕಂಡಿತು. ಅಂದರೆ ಜೂನ್ ಮೊದಲ ಮಳೆಗೆ ಶುರು ಮಾಡಿದರೆ ಸೆಪ್ಟೆಂಬರ್ ಶುರುವಿನ ನಮ್ಮ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಹೆಚ್ಚುಕಡಿಮೆ ಕೈಗೆ ಹತ್ತುತ್ತದೆ.

ಈಗ ದೊಡ್ಡ ಅಡ್ಡಿಯ ವಿಷಯ. ಜನ ಕೆಟ್ಟವರು, ಕಾಲ ಕೆಟ್ಟಿದೆ ಅಂತೆಲ್ಲ ಹೇಳುತ್ತೇವೆ. ನಿಜವಾದ ಅಡ್ಡಿ ಗಡಿಬಿಡಿ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ, ಅಮೆರಿಕದ ಪ್ರಿನ್ಸ್‌ಟನ್‌ನದು. ಡಾರ್ಲಿ ಮತ್ತು ಬ್ಯಾಟ್ಸನ್ ಅನ್ನುವವರು ಪಾದ್ರಿಗಳಾಗಲು ಓದುತ್ತಿದ್ದ ಹುಡುಗರನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳಿಸಿದರು. ಕೆಲವರ ಭಾಷಣದ ವಿಷಯವೇ ಬೈಬಲ್ಲಿನಲ್ಲಿ ಬರುವ, ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರಿಯದವನ ಕಥೆ. ದಾರಿಯಲ್ಲಿ ಒಬ್ಬ ನರಳುತ್ತಾ ಕುಸಿದು ಕೂತಿದ್ದ. ಸಮಯ ಇದೆ ಅಂದುಕೊಂಡವರಲ್ಲಿ 100ಕ್ಕೆ 63 ಜನ ನಿಂತು ಸಹಾಯ ಮಾಡಿದರು. ಲೇಟಾಯಿತು ಅಂದುಕೊಂಡವರಲ್ಲಿ ನಿಂತಿದ್ದು 100ಕ್ಕೆ 10. ಯಾವ ವಿಷಯದ ಮೇಲೆ ಮಾತಾಡಲು ಹೊರಟಿದ್ದರು ಅನ್ನುವುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಆ ಬೆಳಿಗ್ಗೆ ಫೋನ್ ಹಿಡಿದುಕೊಂಡು ಕೈ ತೋರಿಸಿದ ನನ್ನ ಚಿತ್ರವೇ ಇದು. ಹಾಗಾಗಿ ನನ್ನ ಮೊದಲ ಸಲಹೆ ಬಹಳ ಸಪ್ಪೆ: ಮನೆಯಿಂದ ಹತ್ತು ನಿಮಿಷ ಮುಂಚೆ ಹೊರಡಿ. ನಮ್ಮ ಜಿಲ್ಲೆಯಲ್ಲಿ ರೈಲೂ ಇಲ್ಲ, ಬಸ್ಸು ತಪ್ಪಿದರೆ ಇನ್ನೊಂದು ಯಾವಾಗಲೋ, ಆದ್ದರಿಂದ ಮುಂಚೆ ಹೊರಡುವುದು ಹೇಗೂ ಒಳ್ಳೆಯದೇ.

ಎರಡನೆಯದು, ಬ್ಯಾಗು. ಒಳ್ಳೆಯ ಮನಸ್ಸಿದ್ದರೂ ಕೈಯಲ್ಲಿ ಏನೂ ಇಲ್ಲದಿದ್ದರೆ ಹಲ್ಲು ಕಿರಿದು ಮುಂದೆ ಹೋಗುತ್ತೇವೆ. ನನ್ನ ಬ್ಯಾಗಿನಲ್ಲಿ ಒಂದು ಹಳೆಯ ಮಡಿಸುವ ಕೊಡೆ ಇರುತ್ತದೆ, ನನ್ನದಲ್ಲದೆ ಇನ್ನೊಂದು. ಕೊಟ್ಟರೆ ವಾಪಸ್ ಬರುವುದಿಲ್ಲ ಅಂತ ಲೆಕ್ಕ ಹಾಕಿಯೇ ಇಟ್ಟಿದ್ದು. ಆಮೇಲೆ ಚಿಲ್ಲರೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಪರ್ಸಿನಲ್ಲಿ ಚಿಲ್ಲರೆ ಇಡುವುದೇ ಮರೆತುಹೋಗಿದೆ. ಆದರೆ ಹೊರ ರಾಜ್ಯದ ಹೆಂಗಸರು ದುಡ್ಡು ಕೊಡಲೇಬೇಕು. ಸಂಬಳದ ಮಾರನೇ ದಿನ ಅವರ ಕೈಯಲ್ಲಿ ಇರುವುದು ಐನೂರರ ನೋಟು ಒಂದೇ. ಕಂಡಕ್ಟರ್ ಸಿಡುಕುತ್ತಾರೆ, ಹಿಂದಿನವರು ಗೊಣಗುತ್ತಾರೆ. ಐನೂರಕ್ಕೆ ಚಿಲ್ಲರೆ ಮಾಡಿ ಕೊಟ್ಟರೆ ನನಗೆ ಒಂದು ಪೈಸೆ ಖರ್ಚಿಲ್ಲ, ಇಡೀ ಬಸ್ಸಿಗೆ ಶಾಂತಿ. ಮಳೆಗಾಲದಲ್ಲಿ ಒಂದು ಪೊಟ್ಟಣ ಉಪ್ಪೂ ಇಟ್ಟುಕೊಳ್ಳುತ್ತೇನೆ. ಅಬ್ಬಿ ಜಲಪಾತದಿಂದ ಬಂದ ಹುಡುಗಿಯರ ಕಾಲಿನಲ್ಲಿ ಜಿಗಣೆ ಕಂಡು ಅವರು ಕೂಗುವ ಕೂಗು ಕೇಳಿದ್ದೀರಲ್ವಾ? ನಮಗೆ ನಗು, ಅವರಿಗೆ ಜೀವ ಹೋದಂತೆ. ನಗುವುದನ್ನು ತಡೆದುಕೊಂಡು ಉಪ್ಪು ಕೊಡುವುದೇ ಒಂದು ಉಪಕಾರ.

ಮೂರನೆಯದು ಕೇಳುವುದು. ಕೈ ಹಾಕುವ ಮೊದಲು ಕೇಳಿ. ಒಮ್ಮೆ ಒಬ್ಬ ಅಜ್ಜಿಯ ಚೀಲವನ್ನು ನಾನೇ ಎತ್ತಿಕೊಂಡೆ, ಅವರು ಕಳ್ಳಿ ಅಂದುಕೊಂಡು ಕಿರುಚಿದರು, ಸಂತೆಯೆಲ್ಲ ತಿರುಗಿ ನೋಡಿತು. ಅವರದೇನೂ ತಪ್ಪಿಲ್ಲ. ಈಗ ಎದುರಿಗೆ ನಿಂತು, ಮುಖ ಕಾಣುವ ಹಾಗೆ, "ಹಿಡ್ಕೊಳ್ಳಲಾ?" ಅನ್ನುತ್ತೇನೆ. ಬೇಡ ಅಂದರೆ ಸರಿ ಅಂತ ಹೊರಡುತ್ತೇನೆ. ಎರಡನೇ ಸಲ ಕೇಳುವುದಿಲ್ಲ. ಒತ್ತಾಯ ಮಾಡಿದರೆ ಅದು ಅವರಿಗಾಗಿ ಅಲ್ಲ, ನಮ್ಮ ಸಮಾಧಾನಕ್ಕೆ.

"ಏನಂದುಕೊಳ್ಳುತ್ತಾರೋ" ಅನ್ನುವ ಅಂಜಿಕೆ ನನಗೂ ಇತ್ತು. ಅಮಿತ್ ಕುಮಾರ್, ನಿಕೊಲಸ್ ಎಪ್ಲಿ ಅನ್ನುವ ಇಬ್ಬರು ಸಂಶೋಧಕರು ಶಿಕಾಗೋದಲ್ಲಿ ಐಸ್ ಮೇಲೆ ಜಾರಾಡುವ ಮೈದಾನಕ್ಕೆ ಬಂದವರಿಗೆ ಒಂದೊಂದು ಲೋಟ ಬಿಸಿ ಚಾಕೊಲೇಟ್ ಕೊಟ್ಟು, ಬೇಕಾದರೆ ಇದನ್ನು ಗುರುತಿಲ್ಲದವರಿಗೆ ಕೊಡಿಸಬಹುದು ಅಂದಿದ್ದರು. ಕೊಟ್ಟವರು ಅಂದಾಜು ಮಾಡಿದ್ದಕ್ಕಿಂತ ಪಡೆದವರ ಖುಷಿ ಜಾಸ್ತಿ ಇತ್ತಂತೆ. ಕೊಡುವವರು "ಒಂದು ಲೋಟದಲ್ಲಿ ಏನಿದೆ" ಅಂತ ಲೋಟವನ್ನೇ ನೋಡುತ್ತಾರೆ, ಪಡೆದವರಿಗೆ ಕೊಟ್ಟ ಮನಸ್ಸೂ ಕಾಣುತ್ತದೆ. ಇದನ್ನು ನಾನು ನಂಬುತ್ತೇನೆ, ಯಾಕೆಂದರೆ ನಮ್ಮಲ್ಲಿ ಇದು ಬೆಲ್ಲದ ಕಾಫಿಯಲ್ಲಿ ಗೊತ್ತಾಗುತ್ತದೆ. ಜುಲೈ ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದಿದ್ದಾಗ ಲೈನ್‌ಮನ್‌ಗಳು ಕಂಬ ಹತ್ತಿರುತ್ತಾರಲ್ಲ, ಅವರನ್ನು ನೋಡಿ ನಾವು ಕೇಳುವುದು ಒಂದೇ, "ಯಾವಾಗ ಬರ್ತದೆ?" ಕಳೆದ ಮಳೆಗಾಲ ನಾನು ಅದನ್ನು ಕೇಳದೆ ಫ್ಲಾಸ್ಕಿನಲ್ಲಿ ಕರಿ ಕಾಫಿ ತೆಗೆದುಕೊಂಡು ಹೋದೆ. ಒಬ್ಬರು ಕೈಗವಸು ಬಿಚ್ಚಿ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕುಡಿಯದೆ ಸುಮಾರು ಹೊತ್ತು ಸುಮ್ಮನೆ ಹಿಡಿದುಕೊಂಡೇ ನಿಂತರು. ಬೆರಳು ಬಿಳಿಚಿಕೊಂಡು ಸುಕ್ಕಾಗಿತ್ತು.

ಗಾಡಿ ಓಡಿಸುವವರಿಗೆ ಬೇರೆಯೇ ಪಾಠ ಇದೆ. ಇಳಿಯುವ ಗಾಡಿ ನಿಂತು ಹತ್ತುವ ಗಾಡಿಗೆ ದಾರಿ ಬಿಡಬೇಕು ಅನ್ನುವುದು ಕಿರಿದಾದ ಗುಡ್ಡದ ರಸ್ತೆಗೆ ಕಾನೂನೇ, ಆದರೂ ನಮ್ಮ ತೋಟದ ರಸ್ತೆಗಳಲ್ಲಿ ಮೂಗಿಗೆ ಮೂಗು ತಾಗಿಸಿ ನಿಲ್ಲುವವರೇ ಜಾಸ್ತಿ. ಮಂಜಿನಲ್ಲಿ ಹೈ ಬೀಮ್ ಇಳಿಸಿ. ಸಿದ್ದಾಪುರದ ಕಡೆ ಸಂಜೆ ಆನೆ ಕಂಡರೆ ಎದುರು ಬರುವ ಸ್ಕೂಟರನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ ಹೇಳಿ. ಭಾಷೆ ಬೇಕಿಲ್ಲ, ಮೂಗಿನ ಮುಂದೆ ಕೈ ಸೊಂಡಿಲು ಮಾಡಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಲಿಫ್ಟಿನ ವಿಷಯದಲ್ಲಿ ಮಾತ್ರ ನಾನು ಹಿಂದೆ. ಒಬ್ಬಳೇ ಇದ್ದಾಗ ಗುರುತಿಲ್ಲದ ಗಂಡಸರಿಗೆ ಕೊಡುವುದಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ಅದಕ್ಕೆ ಬೇಜಾರೂ ಮಾಡಿಕೊಳ್ಳುವುದಿಲ್ಲ. ಹೆದರಿಕೊಂಡು ಮಾಡುವ ಉಪಕಾರ ರೂಢಿಯಾಗುವುದಿಲ್ಲ.

ಅಪಘಾತ ಕಂಡಾಗ ಜನ ಹಿಂಜರಿಯುವುದು ಪೊಲೀಸು, ಕೋರ್ಟಿನ ಭಯಕ್ಕೆ. 2016ರಲ್ಲಿ ಸುಪ್ರೀಂ ಕೋರ್ಟ್ ಸಹಾಯ ಮಾಡಿದವರಿಗೆ ರಕ್ಷಣೆಯ ನಿಯಮಗಳನ್ನು ಕಡ್ಡಾಯ ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅನ್ನುವ ಕಲಮೂ ಸೇರಿತು. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲೇಬೇಕು ಅಂತ ಬಲವಂತ ಮಾಡುವಂತಿಲ್ಲ. 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಹತ್ತಿರ ನಿಂತಿದ್ದರೂ ಸಾಕು. ಸಂಪಾಜೆ ಘಾಟಿಯ ಕೆಲವು ತಿರುವಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಆಗ ಮುಂದೆ ಹೋಗುವ ಬಸ್ಸಿನವರಿಗೆ ಹೇಳಿ ಕಳಿಸಿ.

ಫೋಟೋ ಬೇಡ. ಕೊಡೆ ಕೊಟ್ಟು ಸೆಲ್ಫಿ ತೆಗೆದು ಸ್ಟೇಟಸ್ ಹಾಕಿದರೆ ಕೊಡೆಯ ಬಾಡಿಗೆ ವಸೂಲಾದಂತೆ.

ದಿನದ ಒಂದು ಕೆಲಸದ ಮೇಲೆ ವಾರಕ್ಕೊಂದು ದಿನ ಜಾಸ್ತಿ ಮಾಡುವುದನ್ನೂ ನೋಡಿ. ಸೋನ್ಯಾ ಲ್ಯುಬೊಮಿರ್ಸ್ಕಿ ಅನ್ನುವ ಸಂಶೋಧಕಿಯ ತಂಡ ವಿದ್ಯಾರ್ಥಿಗಳಿಗೆ ಆರು ವಾರ, ವಾರಕ್ಕೆ ಐದು ಉಪಕಾರ ಮಾಡಲು ಹೇಳಿತ್ತು. ಐದನ್ನೂ ಒಂದೇ ದಿನ ಮಾಡಿದವರ ಸಂತೋಷ ಹೆಚ್ಚಿತು, ವಾರವಿಡೀ ಹಂಚಿಕೊಂಡವರದು ಹೆಚ್ಚಲಿಲ್ಲ. ಹಂಚಿದಾಗ ಅದು ದಿನದ ಕೆಲಸದಲ್ಲಿ ಕರಗಿಹೋಗುತ್ತದೆ ಅನ್ನಿಸುತ್ತದೆ. ನನ್ನ ದಿನ ಶುಕ್ರವಾರ, ಮಡಿಕೇರಿ ಸಂತೆ. ಸೊಪ್ಪಿನವರ ಹತ್ತಿರ ಚೌಕಾಸಿ ಮಾಡುವುದಿಲ್ಲ, ಭಾರ ಹೊತ್ತವರಿಗೆ ದಾರಿ ಬಿಡುತ್ತೇನೆ, ಲೈನ್ ಮನೆಯ ಹೆಂಗಸರು ತರಕಾರಿ ಹೆಸರು ಗೊತ್ತಿಲ್ಲದೆ ಬೆರಳು ತೋರಿಸುವಾಗ ನನ್ನ ಹರಕು ಮುರುಕು ಹಿಂದಿಯಲ್ಲಿ ರೇಟು ಹೇಳುತ್ತೇನೆ. ಒಮ್ಮೆ "ಅರುವತ್ತು" ಅನ್ನಲು ಹೋಗಿ ಹಿಂದಿಯಲ್ಲಿ ಎಪ್ಪತ್ತು ಅಂದುಬಿಟ್ಟೆ. ಸೊಪ್ಪಿನಮ್ಮ ಹತ್ತು ರೂಪಾಯಿ ವಾಪಸ್ ಕೊಟ್ಟು ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ.

ತಪ್ಪಿಹೋಗುವ ದಿನಗಳು ಬರುತ್ತವೆ. ನನಗೆ ಅದು ಅಕ್ಟೋಬರ್‌ನಲ್ಲಿ, ಮಳೆ ನಿಂತು ಕೊಡೆ ಮೂಲೆ ಸೇರಿ, ದಸರಾ ರಜೆಗೆ ಟೂರಿಸ್ಟ್ ಗಾಡಿಗಳು ಸಾಲುಗಟ್ಟಿ, ಬಾಟಲಿ ಎಸೆಯುವವರನ್ನು ಕಂಡು ತಲೆ ಕೆಟ್ಟಾಗ. ಆಗ ದಾರಿ ಕೇಳಿದರೂ ಗೊತ್ತಿಲ್ಲ ಅಂದುಬಿಡೋಣ ಅನ್ನಿಸುತ್ತದೆ. ಒಂದೆರಡು ಸಲ ಅಂದಿದ್ದೇನೆ ಕೂಡ. ಮಳೆಗೆ ಗಂಟು ಹಾಕಿದ ರೂಢಿ ಬಿಸಿಲಿಗೆ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಗಂಟನ್ನು ಬದಲಾಯಿಸಬೇಕು. ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲು ಶುರುವಾದಾಗ ಸ್ಟ್ಯಾಂಡಿಗೆ ಹೊಸ ಮುಖಗಳು ಬರುತ್ತವೆ. ಈ ಸಲ ಒಂದು ಹಾಳೆಯಲ್ಲಿ ಸಿದ್ದಾಪುರ, ಸೋಮವಾರಪೇಟೆ, ವಿರಾಜಪೇಟೆ, ಕುಶಾಲನಗರ ಅಂತ ಕನ್ನಡದಲ್ಲೂ ಹಿಂದಿಯಲ್ಲೂ ದಪ್ಪ ಅಕ್ಷರದಲ್ಲಿ ಬರೆದು ಹತ್ತು ಪ್ರತಿ ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ. ಹಿಂದಿ ಅಕ್ಷರ ಸರಿಯಿದೆಯಾ ಅಂತ ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗನಿಗೆ ತೋರಿಸಿದರೆ ಎರಡು ಕಡೆ ದೀರ್ಘ ತಪ್ಪಿದೆ ಅಂದ. ತಿದ್ದಿಸಿ ಮತ್ತೆ ಜೆರಾಕ್ಸ್ ಮಾಡಿಸಬೇಕು.