ಹಳೇ ಬೈಕಿನ ಡಿಸ್ಕ್ ಬ್ರೇಕ್ ಕಿರುಗುಟ್ಟುತ್ತಿದೆಯೇ? ಹೊಸ ಪ್ಯಾಡ್ ಕೊಳ್ಳುವ ಮೊದಲು ಇಷ್ಟು ನೋಡಿ

ಹತ್ತು ಹದಿನೈದು ವರ್ಷ ಓಡಿದ ಪಲ್ಸರ್, ಯೂನಿಕಾರ್ನ್, ಅಪಾಚೆಯಂಥ ಬೈಕಿನ ಮುಂದಿನ ಬ್ರೇಕ್ ಕಿರುಗುಟ್ಟತೊಡಗಿದರೆ ಗ್ಯಾರೇಜಿನಲ್ಲಿ ಮೊದಲು ಬರುವ ಮಾತು, "ಪ್ಯಾಡ್ ಹೋಗಿದೆ, ಹೊಸದು ಹಾಕೋಣ." ಹಾಕಿದ ಮೇಲೆ ಒಂದೆರಡು ವಾರ ಸದ್ದಿಲ್ಲ, ಆಮೇಲೆ ಮತ್ತೆ ಅದೇ ರಾಗ. ಎಷ್ಟೋ ಸಲ ತೊಂದರೆ ಇರುವುದು ಪ್ಯಾಡಿನಲ್ಲಲ್ಲ, ಅದನ್ನು ಹಿಡಿದಿರುವ ಕ್ಯಾಲಿಪರ್ ಸಲೀಸಾಗಿ ಆಡದಿರುವುದರಲ್ಲಿ.

ಇಂಥ ಬೈಕುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಂದೇ ಪಕ್ಕದಲ್ಲಿ. ಲಿವರ್ ಹಿಡಿದಾಗ ಅದು ಒಂದು ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ, ಆಚೆ ಬದಿಯ ಪ್ಯಾಡನ್ನೂ ಡಿಸ್ಕಿಗೆ ತರುತ್ತದೆ. ಲಿವರ್ ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಏನೂ ಇಲ್ಲ. ಪಿಸ್ಟನ್ ಸುತ್ತ ಇರುವ ಚೌಕ ಅಂಚಿನ ರಬ್ಬರ್ ಸೀಲು ತಿರುಚಿಕೊಂಡದ್ದು ಸಡಿಲವಾಗುವಾಗ ಕೂದಲೆಳೆಯಷ್ಟು ಹಿಂದೆಳೆಯುತ್ತದೆ, ಅಷ್ಟೇ. ಪಿನ್ ಒಣಗಿದರೆ ಅಥವಾ ಪಿಸ್ಟನ್ ಸುತ್ತ ಮಣ್ಣು ಕಟ್ಟಿದರೆ ಪ್ಯಾಡ್ ಓರೆಯಾಗಿ ಕೂರುತ್ತದೆ, ಡಿಸ್ಕನ್ನು ಹಿಡಿದು ಬಿಟ್ಟು ಹಿಡಿದು ಬಿಟ್ಟು ನಡುಗುತ್ತದೆ. ಕಿವಿಗೆ ಕೇಳುವ ಕೀಚಲು ಆ ನಡುಕವೇ.

ಮೊದಲು ಸದ್ದು ಯಾವಾಗ ಬರುತ್ತದೆ ಎಂದು ಗಮನಿಸಿ. ಮಳೆಯಲ್ಲಿ ನಿಂತ ಬೈಕು ಬೆಳಿಗ್ಗೆ ನಾಲ್ಕು ಸಲ ಬ್ರೇಕ್ ಹಿಡಿಯುವಷ್ಟರಲ್ಲಿ ಸುಮ್ಮನಾದರೆ ಅದು ಡಿಸ್ಕಿನ ಮೇಲಿನ ತೆಳು ತುಕ್ಕು, ತಲೆ ಕೆಡಿಸಿಕೊಳ್ಳಬೇಡಿ. ನಿಧಾನದಲ್ಲಿ, ಹಗುರವಾಗಿ ಹಿಡಿದಾಗ ಸಣ್ಣ ದನಿಯ ಕಿರ್ರ್ ಬಂದರೆ ಕಾರಣ ಪಿನ್, ಪಿಸ್ಟನ್ ಅಥವಾ ಗಾಜುಗಟ್ಟಿದ (ಮೈ ಕನ್ನಡಿಯಂತೆ ಹೊಳಪಾದ) ಪ್ಯಾಡ್. ಲಿವರ್ ಮುಟ್ಟದೆಯೂ ಸದ್ದಿದ್ದರೆ ಬ್ರೇಕ್ ಬಿಡುತ್ತಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕರಕರ ಸದ್ದಾದರೆ ಪ್ಯಾಡಿನ ಮಸಾಲೆ, ಅಂದರೆ ಡಿಸ್ಕಿಗೆ ಉಜ್ಜುವ ಪದರ, ಪೂರ್ತಿ ಸವೆದು ಹಿಂಬದಿಯ ತಗಡು ಡಿಸ್ಕನ್ನು ಕೆರೆಯುತ್ತಿದೆ. ಆ ಬೈಕನ್ನು ಅಲ್ಲೇ ನಿಲ್ಲಿಸಿ.

ಬ್ರೇಕ್ ಬಿಡುತ್ತಿದೆಯೇ ಎಂದು ನೋಡಲು ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರನ್ನು ಕೂರಿಸಿ ಮುಂದಿನ ಚಕ್ರ ಎತ್ತಿ. ಲಿವರ್ ಗಟ್ಟಿಯಾಗಿ ಹಿಡಿದು ಬಿಟ್ಟು ಚಕ್ರ ತಿರುಗಿಸಿ. ಸಣ್ಣಗೆ ಸವರಿದ ಸದ್ದು ಬಂದರೆ ಪರವಾಗಿಲ್ಲ, ಅರ್ಧ ಸುತ್ತಿಗೇ ನಿಂತರೆ ಸರಿಯಿಲ್ಲ. ಆಗ ಬ್ಲೀಡ್ ನಿಪ್ಪಲ್ಲಿಗೆ (ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ತಿರುಪು) ಸಣ್ಣ ಪೈಪ್ ಸಿಕ್ಕಿಸಿ, ಕಾಲು ಸುತ್ತು ಸಡಿಲಿಸಿ ಕೂಡಲೇ ಬಿಗಿಮಾಡಿ. ಚಕ್ರ ತಟ್ಟನೆ ಸಡಿಲವಾದರೆ ಬ್ರೇಕ್ ಆಯಿಲಿನ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು: ಲಿವರಿನ ಬಳಿ ಆಯಿಲನ್ನು ಒತ್ತುವ ಮಾಸ್ಟರ್ ಸಿಲಿಂಡರಿನ ಸಣ್ಣ ತೂತು ಕಟ್ಟಿದೆ, ಇಲ್ಲವೇ ಹಳೇ ರಬ್ಬರ್ ಹೋಸ್ ಒಳಗೊಳಗೇ ಊದಿದೆ. ಆದರೂ ಸಡಿಲವಾಗದಿದ್ದರೆ ತಪ್ಪು ಕ್ಯಾಲಿಪರಿನದ್ದೇ. ಈ ಒಂದು ಪರೀಕ್ಷೆ ಅರ್ಧ ದಿನದ ತಡಕಾಟ ಉಳಿಸುತ್ತದೆ.

ಬಿಚ್ಚುವುದು

ಬೇಕಾದದ್ದು: 12ರಿಂದ 14 ಎಂಎಂ ಸ್ಪ್ಯಾನರುಗಳು, ಅಲೆನ್ ಕೀ ಸೆಟ್, ಹಳೇ ಟೂತ್ ಬ್ರಷ್, 120 ನಂಬರಿನ ಉಪ್ಪುಕಾಗದ, ಬ್ರೇಕ್ ಕ್ಲೀನರ್ ಸ್ಪ್ರೇ, ಸಿಲಿಕೋನ್ ಗ್ರೀಸ್, ಮುಚ್ಚಳ ಒಡೆಯದ ಹೊಸ ಬ್ರೇಕ್ ಆಯಿಲ್. ಆಯಿಲಿನ ದರ್ಜೆ ಡಾಟ್ 3 ಬೇಕೋ ಡಾಟ್ 4 ಬೇಕೋ ಎಂಬುದು ಹ್ಯಾಂಡಲಿನ ಮೇಲಿನ ಡಬ್ಬಿಯ ಮುಚ್ಚಳದಲ್ಲೇ ಅಚ್ಚಾಗಿರುತ್ತದೆ.

ಪ್ಯಾಡುಗಳನ್ನು ಹಿಡಿದಿರುವ ಪ್ಯಾಡ್ ಪಿನ್ನನ್ನು ಕ್ಯಾಲಿಪರ್ ಫೋರ್ಕಿನ ಮೇಲಿರುವಾಗಲೇ ಸಡಿಲಿಸಿಕೊಳ್ಳಿ. ಕೈಯಲ್ಲಿ ಹಿಡಿದುಕೊಂಡು ಬಿಚ್ಚಲು ಹೋದರೆ ಅಲೆನ್ ತಲೆ ಸವೆದು ಕೂರುತ್ತದೆ. ಆಮೇಲೆ ಎರಡು ಬೋಲ್ಟ್ ತೆಗೆದು ಕ್ಯಾಲಿಪರನ್ನು ತಂತಿಯಲ್ಲಿ ಕಟ್ಟಿ ತೂಗುಹಾಕಿ, ಹೋಸಿನ ಮೇಲೆ ಭಾರ ಬೀಳಬಾರದು. ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೇ ಅಗ್ಗದ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಿಂದ ಒರೆಸಿ.

ಪ್ಯಾಡ್ ತೆಗೆದು ಎರಡನ್ನೂ ಪಕ್ಕಪಕ್ಕ ಇಡಿ. ಒಂದು ದಪ್ಪ ಒಂದು ತೆಳು ಇದ್ದರೆ, ಅಥವಾ ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ದರೆ, ಪಿನ್ ಜಾರುತ್ತಿಲ್ಲ ಎಂದೇ ಅರ್ಥ. ಮಸಾಲೆ 2 ಎಂಎಂಗಿಂತ ಕಡಿಮೆ ಇದ್ದರೆ ಅಥವಾ ಸವೆತ ತೋರಿಸುವ ಗುರುತಿನ ಗೀರು ಅಳಿಸಿದ್ದರೆ ಬದಲಿಸಿ. ದಪ್ಪ ಚೆನ್ನಾಗಿದ್ದು ಮೈ ಮಾತ್ರ ಕಪ್ಪಗೆ ಕನ್ನಡಿಯಂತೆ ಹೊಳೆಯುತ್ತಿದ್ದರೆ ಸಮತಟ್ಟಾದ ಗಾಜಿನ ಮೇಲೆ ಉಪ್ಪುಕಾಗದ ಹರಡಿ, ಎಂಟರ ಆಕಾರದಲ್ಲಿ ಹೊಳಪು ಹೋಗುವವರೆಗೆ ಉಜ್ಜಿ. ಎಣ್ಣೆ ಕುಡಿದ ಪ್ಯಾಡನ್ನು ಮಾತ್ರ ಉಳಿಸಲು ಹೋಗಬೇಡಿ. ಒಲೆಯ ಮೇಲೆ ಕಾಯಿಸಿ ಎಣ್ಣೆ ಬಿಡಿಸುವವರಿದ್ದಾರೆ, ಒಳಗೆ ಇಳಿದ ಎಣ್ಣೆ ಪೂರ್ತಿ ಬಿಡುವುದಿಲ್ಲ.

ಆ ಎಣ್ಣೆ ಬಂದದ್ದು ಎಲ್ಲಿಂದ ಎಂಬುದನ್ನೂ ಹುಡುಕಿ. ಸೋರುವ ಫೋರ್ಕ್ ಸೀಲ್ ಒಂದು. ಇನ್ನೊಂದು ನಮ್ಮ ಕಡೆಯ ವಾಟರ್ ಸರ್ವಿಸ್: ತೊಳೆದಾದ ಮೇಲೆ ಹೊಳಪಿಗೆಂದು ಡೀಸೆಲ್ ಬೆರೆಸಿದ ಎಣ್ಣೆಯನ್ನು ಇಡೀ ಬೈಕಿಗೆ ಸ್ಪ್ರೇ ಹೊಡೆಯುತ್ತಾರೆ. ಡಿಸ್ಕಿಗೂ ಸೇರಿ! ಜೋರು ನೀರು ಪಿನ್ನಿನ ಗ್ರೀಸನ್ನೂ ತೊಳೆದು ಹಾಕುತ್ತದೆ.

ಪಿನ್, ಪಿಸ್ಟನ್, ಡಿಸ್ಕ್

ಕ್ಯಾಲಿಪರನ್ನು ಅದರ ಬ್ರಾಕೆಟಿನಿಂದ ಎಳೆದು ಬೇರ್ಪಡಿಸಿ. ಕ್ಯಾಲಿಪರ್ ಜಾರುವ ಪಿನ್ನುಗಳ ಹಳೇ ಗ್ರೀಸ್ ಕಂದು ಅಂಟಾಗಿರುತ್ತದೆ, ಪೂರ್ತಿ ಒರೆಸಿ ತೆಗೆಯಿರಿ. ಪಿನ್ನಿನಲ್ಲಿ ತುಕ್ಕಿನ ಗುಳಿ ಕಂಡರೆ ಹೊಸದೇ ಬೇಕು. ಚೆನ್ನಾಗಿದ್ದರೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಬೇಡವೇ ಬೇಡ: ಅದರಿಂದ ರಬ್ಬರ್ ಊದಿಕೊಂಡು ಪಿನ್ ಮತ್ತಷ್ಟು ಬಿಗಿಯಾಗುತ್ತದೆ. ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆದರೂ ಇದೇ ಗತಿ. ಹರಿದ ರಬ್ಬರ್ ಬೂಟಿದ್ದರೆ ಬದಲಿಸಿ. ಜೋಡಿಸಿದ ಮೇಲೆ ಕ್ಯಾಲಿಪರ್ ಎರಡು ಬೆರಳಿನ ಬಲಕ್ಕೆ ಹಿಂದೆ ಮುಂದೆ ಜಾರಬೇಕು.

ಪಿಸ್ಟನ್ನಿಗೆ ಬಂದರೆ, ಲಿವರನ್ನು ಮೆಲ್ಲಗೆ ಒತ್ತಿ ನಾಲ್ಕೈದು ಎಂಎಂ ಮಾತ್ರ ಹೊರಗೆ ತನ್ನಿ. ಅತಿಯಾದರೆ ಪಿಸ್ಟನ್ ಕಳಚಿ ಬಿದ್ದು ಆಯಿಲೆಲ್ಲ ನೆಲದ ಪಾಲು. ಹೊರಬಂದ ಭಾಗವನ್ನು ಸೋಪಿನ ನೀರು, ಬ್ರಷ್ಷಿನಿಂದ ಉಜ್ಜಿ ಒರೆಸಿ, ಸುತ್ತ ಒಂದೆರಡು ಹನಿ ಹೊಸ ಬ್ರೇಕ್ ಆಯಿಲ್ ಸವರಿ ಒಳಗೆ ಒತ್ತಿ. ಒತ್ತುವ ಮೊದಲು ಮೇಲಿನ ಡಬ್ಬಿಯ ಮುಚ್ಚಳ ತೆಗೆದು ಬಟ್ಟೆ ಸುತ್ತಿ. ಆಯಿಲ್ ಉಕ್ಕಿ ಟ್ಯಾಂಕಿನ ಮೇಲೆ ಬಿದ್ದರೆ ಪೇಂಟ್ ಏಳುತ್ತದೆ, ಬಿದ್ದರೆ ಒರೆಸುತ್ತ ಕೂರದೆ ನೀರು ಸುರಿಯಿರಿ. ಹೀಗೆ ಮೂರು ನಾಲ್ಕು ಸಲ ಹೊರಗೆ ಒಳಗೆ ಮಾಡಿದರೆ ಮೊಂಡು ಹಿಡಿದ ಪಿಸ್ಟನ್ ಕೂಡ ಬೆರಳಿಗೆ ಬಗ್ಗುತ್ತದೆ. ಬಗ್ಗದಿದ್ದರೆ ಸೀಲ್ ಕಿಟ್ ಹಾಕಿಸಿ.

ಹಳೇ ಡಿಸ್ಕಿನ ಹೊರ ಅಂಚಿನಲ್ಲಿ ಸವೆಯದೆ ಉಳಿದ ದಿಬ್ಬವೊಂದಿರುತ್ತದೆ, ಉಗುರು ಎಳೆದರೆ ಸಿಗುತ್ತದೆ. ಹೊಸ ಪ್ಯಾಡಿನ ಅಂಚು ಅದಕ್ಕೆ ತಾಗಿದರೂ ಕಿರುಗುಟ್ಟುತ್ತದೆ. ದಪ್ಪ ಅಳೆಯುವಾಗ ವರ್ನಿಯರ್ ಆ ದಿಬ್ಬದ ಮೇಲೆ ಕೂತು ಸುಳ್ಳು ಹೇಳೀತು, ಮೈಕ್ರೋಮೀಟರಿನಿಂದ ಒಳಭಾಗ ಅಳೆಯಿರಿ. ಕನಿಷ್ಠ ದಪ್ಪ ಡಿಸ್ಕಿನ ಮೇಲೇ ಕೆತ್ತಿರುತ್ತದೆ. ಅದಕ್ಕಿಂತ ಇಳಿದಿದ್ದರೆ ಲೇತಿಗೆ ಕೊಡಬೇಡಿ, ಬದಲಿಸಿ. ಸರಿಯಿದ್ದರೆ ಎರಡೂ ಮೈಯನ್ನು ಉಪ್ಪುಕಾಗದದಿಂದ ಸುತ್ತುಸುತ್ತಾಗಿ ಉಜ್ಜಿ, ಬ್ರೇಕ್ ಕ್ಲೀನರಿನಿಂದ ಒರೆಸಿ.

ಜೋಡಿಸುವಾಗ ಪ್ಯಾಡಿನ ಮೇಲಿನ ತಗಡು ಸ್ಪ್ರಿಂಗನ್ನು ಮರೆಯಬೇಡಿ. ಗ್ಯಾರೇಜಿನಲ್ಲಿ ಕಳೆದುಹೋಗುವುದು ಅದೇ, ಅದಿಲ್ಲದೆ ಪ್ಯಾಡ್ ಸುಮ್ಮನಿರುವುದಿಲ್ಲ. ಪ್ಯಾಡಿನ ಬೆನ್ನಿಗೆ, ಪಿಸ್ಟನ್ ತಾಗುವ ಕಡೆ ಮಾತ್ರ, ಬಿಸಿ ತಡೆಯುವ ಬ್ರೇಕ್ ಗ್ರೀಸನ್ನು ತೆಳುವಾಗಿ ಸವರಿ. ಬೋಲ್ಟುಗಳನ್ನು ಬೈಕಿನ ಸರ್ವಿಸ್ ಪುಸ್ತಕ ಹೇಳುವಷ್ಟೇ ಬಿಗಿ ಮಾಡಿ.

ಬೈಕು ಕದಲಿಸುವ ಮೊದಲು ಲಿವರ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ. ಪಿಸ್ಟನ್ ಒಳಗೆ ಕೂತಿರುವುದರಿಂದ ಮೊದಲ ಕೆಲವು ಒತ್ತಿಗೆ ಬ್ರೇಕೇ ಇರುವುದಿಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ 40ರಿಂದ 10 ಕಿ.ಮೀ. ವೇಗಕ್ಕೆ ಎಂಟು ಹತ್ತು ಸಲ ಹದವಾಗಿ ಇಳಿಸಿ. ನಡುವೆ ಪೂರ್ತಿ ನಿಲ್ಲಬೇಡಿ, ಪ್ರತಿ ಸಲಕ್ಕೂ ಅರ್ಧ ಕಿ.ಮೀ. ತಣ್ಣಗಾಗಲು ಬಿಡಿ.

ಇಷ್ಟಾದರೂ ಸದ್ದು ನಿಲ್ಲದಿದ್ದರೆ ಪ್ಯಾಡಿನ ಮುಂದಿನ ಅಂಚನ್ನು ಅರದಿಂದ ಎರಡು ಎಂಎಂ ಇಳಿಜಾರು ಮಾಡಿ ನೋಡಿ. ಅದಕ್ಕೂ ಬಗ್ಗದಿದ್ದರೆ ಮುಂದಿನ ಚಕ್ರದ ಬೇರಿಂಗ್ ಮತ್ತು ಹ್ಯಾಂಡಲಿನ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಡಿಲವಾಗಿವೆಯೇ ಪರೀಕ್ಷಿಸಿ.